ಮಾಡಿದವರೇ ಮೊದಲು ಕುಡಿಯಬೇಕು

ಇಂದ್ರಾಬಾಯಿಗೆ ಮರೆವಿನ ರೋಗ ಇರಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಭಾಂಡುಪಿನಿಂದ ಕುರ್ಲಾದವರೆಗೆ ಈಗ ಎಷ್ಟೋ ಜನ ಆ ರೋಗ ಅವಳಿಗೇ ಇತ್ತು, ಬೇರು ಕುದಿಸಿ ಕುಡಿದು ವಾಸಿಯಾಯಿತು ಎಂದು ನಂಬಿಕೊಂಡಿದ್ದಾರೆ. ರೋಗ ಇದ್ದದ್ದು ಅವಳ ಗಂಡ ಅಣವೀರಪ್ಪನಿಗೆ. ಇದ್ದದ್ದು ಏನು ಬಂತು, ಈಗಲೂ ಇದೆ.

ಅಣವೀರಪ್ಪ ಸಿಂದಗಿ ಕಡೆಯವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಮುಂಬೈಗೆ ಬಂದು, ಗ್ರಾಂಟ್ ರೋಡಿನಲ್ಲಿ ಊರ ಕಡೆಯವರೇ ನಡೆಸುತ್ತಿದ್ದ ಖಾನಾವಳಿಯೊಂದರಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿ, ಕೊನೆಗೆ ಅಲ್ಲಿಯ ಅಡುಗೆ ಮಾಸ್ತರನಾದ. ಅವನ ಕೈಯ ಝುಣಕ ತಿನ್ನಲೆಂದೇ ಜನ ದಾದರಿನಿಂದ ಲೋಕಲ್ ಹತ್ತಿ ಬರುತ್ತಿದ್ದರು. ಕಡಲೆಹಿಟ್ಟಿಗೆ ಇಷ್ಟು ಮರ್ಯಾದೆ ಸಿಕ್ಕ ಇನ್ನೊಂದು ಜಾಗ ಆ ರಸ್ತೆಯಲ್ಲಿ ಇರಲಿಲ್ಲ. ಅವನದೊಂದು ಪದ್ಧತಿ ಇತ್ತು. ಹೊಸ ಗಿರಾಕಿ ಯಾರಾದರೂ ತಟ್ಟೆ ಮೂಸಿ ನೋಡಿ ಮುಖ ಸಿಂಡರಿಸಿದರೆ ಅಣವೀರಪ್ಪ ಸೌಟು ಹಿಡಿದುಕೊಂಡೇ ಒಳಗಿನಿಂದ ಬರುತ್ತಿದ್ದ. ಅದೇ ಪಾತ್ರೆಯಿಂದ, ಗಿರಾಕಿಗೆ ಎಷ್ಟು ಬಡಿಸಿದ್ದನೋ ಅಷ್ಟನ್ನೇ ತನಗೂ ಬಡಿಸಿಕೊಂಡು, ಅವನ ಎದುರಿಗೆ ನಿಂತು ತಿಂದು ಮುಗಿಸಿ, ತಟ್ಟೆ ತೋರಿಸಿ ಒಳಗೆ ಹೋಗುತ್ತಿದ್ದ. ಮಾಡಿದವನು ಮೊದಲು ತಿನ್ನಬೇಕು, ಗಿರಾಕಿ ಆಮೇಲೆ. ಇದು ಅವನ ಕಾನೂನು. ಈ ಕಾನೂನೇ ಮುಂದೆ ಇಂದ್ರಾಬಾಯಿಯ ಹೊಟ್ಟೆಯ ಮೇಲೆ ಬಂತು.

ಖಾನಾವಳಿ ಮುಚ್ಚಿ ಎಷ್ಟೋ ವರ್ಷಗಳಾದವು. ಅಣವೀರಪ್ಪ ಭಾಂಡುಪಿನ ಮನೆಯಲ್ಲಿ ಮಗ ಸುಭಾಷ, ಸೊಸೆ ಶೈಲಾ, ಕಾಲೇಜಿಗೆ ಹೋಗುವ ಮೊಮ್ಮಗಳು ಸೋನಾಲಿ ಇವರ ಜೊತೆ ತಣ್ಣಗೆ ಇದ್ದ. ಒಂದು ದಿನ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಯಾರಿಗೂ ಹೇಳದೆ ಸ್ಟೇಷನ್ನಿಗೆ ಹೋದ. ದಾದರಿನಲ್ಲಿ ಗಾಡಿ ಬದಲಿಸುವುದನ್ನು ಮರೆಯಲಿಲ್ಲ. ಗ್ರಾಂಟ್ ರೋಡಿನಲ್ಲಿ ಇಳಿದು ನೆಟ್ಟಗೆ ಖಾನಾವಳಿಯ ಬಾಗಿಲಿಗೆ ಹೋದ. ಅಲ್ಲಿ ಈಗ ಮೊಬೈಲ್ ಅಂಗಡಿ. ಗಾಜಿನ ಕಪಾಟಿನ ಹಿಂದೆ ನಿಂತಿದ್ದ ಟೈ ಕಟ್ಟಿದವನನ್ನು, "ಉಳ್ಳಾಗಡ್ಡಿ ಹೆಚ್ಚಾಕ ಇನ್ನೂ ಕೈನಽ ಹಚ್ಚಿಲ್ಲೇನೋ?" ಎಂದು ಗದರಿಸಿದ. ಪಾಪ, ಅಂಗಡಿಯವರು ಒಳ್ಳೆಯವರು. ಕುರ್ಚಿ ಕೊಟ್ಟು, ಚಹಾ ಕುಡಿಸಿ, ಅವನ ಜೇಬಿನಲ್ಲಿದ್ದ ಫೋನಿನಿಂದ ಸುಭಾಷನಿಗೆ ಸುದ್ದಿ ಮುಟ್ಟಿಸಿದರು.

ಅದಾದ ಮೇಲೆ ಮರೆವು ಮನೆಯೊಳಗೂ ಕಾಲಿಟ್ಟಿತು. ಸುಭಾಷನನ್ನು ಖಾನಾವಳಿಯ ಮಾಲೀಕನೆಂದುಕೊಂಡು ರಜೆ ಕೇಳಿದ. ಸೋನಾಲಿಯನ್ನು ಯಾರೋ ದೊಡ್ಡ ಗಿರಾಕಿಯ ಮಗಳೆಂದುಕೊಂಡು ಎದ್ದು ಜಾಗ ಬಿಟ್ಟುಕೊಟ್ಟ. ಇದನ್ನೆಲ್ಲ ಇಂದ್ರಾಬಾಯಿ ನಗುನಗುತ್ತಲೇ ನೋಡಿದಳು. ಆಮೇಲೊಂದು ಮಧ್ಯಾಹ್ನ ಊಟಕ್ಕೆ ಹಾಕಿ ಎದುರು ಕುಳಿತಾಗ ಅವನು ಅವಳನ್ನೇ ನೋಡಿ, ಬಹಳ ಮರ್ಯಾದೆಯಿಂದ, "ನೀವು ಯಾವ ಊರಾವ್ರಿ, ಬಾಯಾರ? ಹೊಸದಾಗಿ ಕೆಲಸಕ್ಕ ಬಂದೀರೇನು?" ಎಂದು ಕೇಳಿದ.

ಅವತ್ತು ಅವಳಿಗೆ ನಗು ಬರಲಿಲ್ಲ. ಅಡುಗೆಮನೆಗೆ ಹೋಗಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಮದುವೆಯಾದಾಗಿನಿಂದ ಆ ಮನುಷ್ಯ ಅವಳನ್ನು ಕರೆದದ್ದೆಲ್ಲ "ಲೇ" ಎಂದೇ. ಒಂದು ದಿನವೂ ಯಾವ ಊರೆಂದು ಕೇಳಿರಲಿಲ್ಲ, ಗೊತ್ತಿತ್ತಲ್ಲ. ಈಗ ಇಷ್ಟು ಸಕ್ಕರೆಯಂಥ ಮಾತು! ಅವಳು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಅವನಿಗೆ ಮಗ ಮರೆತುಹೋಗಲಿ, ಊರು ಮರೆತುಹೋಗಲಿ, ಸಾಯುವುದರೊಳಗೆ ಒಂದೇ ಒಂದು ಸಲ ತನ್ನ ಗುರುತು ಹಿಡಿಯಬೇಕು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು.

ದವಾಖಾನೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಸಮಾಧಾನದವಳು. ತಲೆಯ ಚಿತ್ರ ತೆಗೆಸಿ, ರಕ್ತ ನೋಡಿ, ಇದು ಡಿಮೆನ್ಷಿಯಾ, ಹೋದ ನೆನಪನ್ನು ಮರಳಿ ತರುವ ಔಷಧಿ ಇಲ್ಲ, ಬಿ.ಪಿ. ಮಾತ್ರೆ ತಪ್ಪಿಸಬೇಡಿ, ಸಂಜೆ ತಿರುಗಾಡಿಸಿ, ಮಾತಾಡಿಸುತ್ತಿರಿ, ಸಿಟ್ಟು ಮಾಡಬೇಡಿ ಎಂದಳು. ಇಷ್ಟು ಸತ್ಯ ಹೇಳಿದ ಡಾಕ್ಟರನ್ನು ಬಿಲ್ಡಿಂಗಿನವರು ಯಾರೂ ಒಪ್ಪಲಿಲ್ಲ. ಔಷಧಿಯೇ ಇಲ್ಲ ಅಂದಮೇಲೆ ಇವಳು ಓದಿದ್ದಾದರೂ ಏನು ಎಂದು ಲಿಫ್ಟಿನ ಮುಂದೆ ಚರ್ಚೆಯಾಗಿ, ಒಂದೇ ವಾರದಲ್ಲಿ ಇಡೀ ಬಿಲ್ಡಿಂಗು ತಾನೇ ಡಾಕ್ಟರಾಯಿತು.

ಮೊದಲು ಬಂದವಳು ಪಕ್ಕದ ಮನೆಯ ಗಂಗುಬಾಯಿ. ಕೈಯಲ್ಲಿ ಬಜೆಬೇರು. "ಮಾತ ಬರಲಾರದ ಕೂಸಿಗಿ ಇದನ್ನ ತೇದು ನಾಲಗಿಗಿ ಹಚ್ಚತೀವಿಲ್ಲೋ? ಬರಲಾರದ್ದನ್ನ ತರಸತೈತಿ ಅಂದ್ರ, ಹೋದದ್ದನ್ನ ತರಸಂಗಿಲ್ಲೇನು?" ಎಂದಳು. ಇದರಲ್ಲಿ ತಪ್ಪು ಹುಡುಕುವುದು ಇಂದ್ರಾಬಾಯಿಯಿಂದ ಆಗಲಿಲ್ಲ. ಆಮೇಲೆ ಎರಡನೇ ಮಹಡಿಯ ಪೂವಪ್ಪ. ಅವನು ಹಿಂದೆ ಅದೇ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕುಳಿತವನು, ಅಣವೀರಪ್ಪನ ಹಳೆಯ ದೋಸ್ತ. ಒಡೆದ ಬಕೆಟಿನಲ್ಲಿ ನೆಟ್ಟ ಒಂದೆಲಗವನ್ನು ಬಕೆಟಿನ ಸಮೇತ ತಂದು ಬಾಲ್ಕನಿಯಲ್ಲಿಟ್ಟ. "ನಮ್ಮಲ್ಲಿ ಇದಕ್ಕೆ ತಿಮರೆ ಅಂತ ಹೇಳುವುದು, ಅಕ್ಕ. ಚಟ್ನಿ ಮಾಡಿ ಕೊಡಿ. ನನ್ನ ಅಜ್ಜಿಗೆ ಸಾಯುವ ದಿನದವರೆಗೂ ಎಲ್ಲ ನೆನಪಿತ್ತು ಮಾರಾಯ್ರೆ. ಅದೇ ನಮಗೆ ದೊಡ್ಡ ಉಪದ್ರ ಆದದ್ದು" ಎಂದ.

ಕೊನೆಗೆ ಕುರ್ಲಾದ ಶಂಕ್ರೆಪ್ಪನ ಹೆಸರು ಬಂತು. ಸ್ಟೇಷನ್ನಿನ ಹೊರಗೆ ತಾಡಪತ್ರಿ ಹಾಸಿ, ಬೇರು ತೊಗಟೆ ಹರವಿಕೊಂಡು ಕೂರುತ್ತಿದ್ದವನು ಈಗ ಒಂದು ಖೋಲಿ ಹಿಡಿದು, ಬೋರ್ಡು ಹಾಕಿ, ಹೆಸರಿನ ಹಿಂದೆ ವೈದ್ಯರತ್ನ ಎಂದು ಬರೆಸಿಕೊಂಡಿದ್ದ. ಆ ರತ್ನವನ್ನು ಕೊಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ಅವನು ಅಣವೀರಪ್ಪನ ನಾಡಿ ಹಿಡಿದು, ಕಣ್ಣು ಮುಚ್ಚಿ, ತಲೆಯಲ್ಲಿ ಗಾಳಿ ತುಂಬಿದೆ ಎಂದು ಹೇಳಿ, ಅಶ್ವಗಂಧ, ಶಂಖಪುಷ್ಪಿ, ಇನ್ನೂ ಹೆಸರು ಹೇಳದ ನಾಲ್ಕಾರು ಬೇರುಗಳನ್ನು ಕೂಡಿಸಿ ಪುಡಿ ಕೊಟ್ಟ. ಕುದಿಸಿ, ಬತ್ತಿಸಿ, ಹೊತ್ತು ಹೊತ್ತಿಗೆ ಕುಡಿಸಬೇಕು. ಅದರ ಮೇಲೆ ಮಾಲ್ಕಾಂಗೋಣಿ ಎಂಬ ಬೀಜದ ಎಣ್ಣೆ, ಹಾಲಿನಲ್ಲಿ.

ಮನೆಗೆ ಬಂದು ಇಂದ್ರಾಬಾಯಿ ಕಷಾಯ ಕಾಸಿದಳು. ಕೆಸರಿನ ಬಣ್ಣ, ಹಳೇ ಚಪ್ಪಲಿ ನೆನೆಸಿದಂಥ ವಾಸನೆ. ಲೋಟ ಎದುರಿಗೆ ಬಂದಾಗ ಅಣವೀರಪ್ಪ ಮೂಗಿನ ಹತ್ತಿರ ಹಿಡಿದು, ಕೆಳಗಿಟ್ಟು, ನೆಟ್ಟಗೆ ಕುಳಿತ.

"ಇದನ್ನ ಮಾಡಿದಾವರು ಯಾರ್ರಿ?"

"ನಾನಽ ಮಾಡೀನ್ರಿ."

"ಹಂಗಾದ್ರ ಮೊದಲ ನೀವು ಕುಡೀರಿ."

ಮಗನ ಮುಖ ಮರೆತವನಿಗೆ ಖಾನಾವಳಿಯ ಕಾನೂನು ಮರೆತಿರಲಿಲ್ಲ. ಇಂದ್ರಾಬಾಯಿ ಒಂದು ಗುಟುಕು ಕುಡಿದು ಲೋಟ ಮುಂದೆ ಮಾಡಿದಳು. ಅವನು ತಲೆಯಾಡಿಸಿದ. "ಗುಟುಕು ನಡ್ಯಂಗಿಲ್ರಿ, ಬಾಯಾರ. ಗಿರಾಕಿಗೆ ಎಷ್ಟು, ಮಾಡಿದಾವರಿಗೂ ಅಷ್ಟು." ಅವಳು ಇನ್ನೊಂದು ಲೋಟ ತಂದು, ಸಮಕ್ಕೆ ಸಮ ಸುರಿದು, ಮೂಗು ಹಿಡಿದುಕೊಂಡು ಕುಡಿದು, ಬೋರಲು ಹಾಕಿ ತೋರಿಸಿದಳು. ಆಗ ಅವನು ಮಗುವಿನಂತೆ ತನ್ನ ಪಾಲು ಕುಡಿದ. ಜೀವನವೆಲ್ಲ ಗಂಡ ಉಂಡ ಮೇಲೆ ಅವನ ತಟ್ಟೆಯಲ್ಲೇ ಉಂಡವಳು, ಅವತ್ತಿನಿಂದ ಗಂಡನಿಗಿಂತ ಮೊದಲು ಬಾಯಿ ಹಾಕತೊಡಗಿದಳು. ಅದೂ ಎಂಥದಕ್ಕೆ!

ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಬಜೆ ತೇದರೆ ಇಬ್ಬರ ನಾಲಗೆಗೆ, ಎಣ್ಣೆ ಹಾಕಿದರೆ ಇಬ್ಬರ ಹಾಲಿಗೆ. ಅಣವೀರಪ್ಪನಲ್ಲಿ ಒಂದು ಕೂದಲಿನಷ್ಟೂ ಬದಲಾವಣೆ ಕಾಣಲಿಲ್ಲ. ಬದಲಾದವಳು ಇಂದ್ರಾಬಾಯಿ.

ಮೊದಲ ಏಟು ಗಂಗುಬಾಯಿಗೆ ಬಿತ್ತು. ಒಂದು ದಿನ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದಾಗ ಇಂದ್ರಾಬಾಯಿ ಇದ್ದಕ್ಕಿದ್ದಂತೆ, "ಗಂಗವ್ವಾ, ಕುರ್ಲಾ ಎಲ್ಲಾ ಮುಳುಗಿದ್ದ ಮಳಿ ಬಂತಲ್ಲ, ಆವತ್ತ ನನ್ನ ಇಡ್ಲಿ ಪಾತ್ರಿ ಒಯ್ದಿದ್ದಿ. ನಡುವಿನ ತಟ್ಟಿ ಸೊಟ್ಟ ಇತ್ತು" ಎಂದಳು. ಗಂಗುಬಾಯಿ ದೇವರಾಣೆ ಇಲ್ಲವೆಂದಳು. ಅವಳ ಸೊಸೆ ಅಟ್ಟ ಹತ್ತಿ ನೋಡಿದರೆ ಪಾತ್ರೆ ಇತ್ತು, ನಡುವಿನ ತಟ್ಟೆ ಸೊಟ್ಟಗಿತ್ತು. ಸೊಸೈಟಿಯ ಸೆಕ್ರೆಟರಿ ಅಣ್ಣು, ನಡುವಯಸ್ಸಿನ ಗಂಭೀರ ಮನುಷ್ಯ, ನೀರಿನ ವಿಷಯ ಮಾತಾಡಲು ಬಂದಿದ್ದ. ಈ ಬಿಲ್ಡಿಂಗು ಏಳುವ ಮೊದಲಿನ ಹಳೇ ಚಾಳಿನ ಕಾಲದಲ್ಲಿ ಅವನು ಚಡ್ಡಿ ಹಾಕಿಕೊಂಡು ಗಣಪತಿ ಮಂಡಪಕ್ಕೆ ನುಗ್ಗಿ, ಆರತಿಗೆ ಮೊದಲೇ ಮೋದಕ ತಿಂದು, ತಪ್ಪನ್ನು ಇಲಿಯ ಮೇಲೆ ಹಾಕಿದ್ದನ್ನು ಇಂದ್ರಾಬಾಯಿ ಅವನಿಗೆ ನೆನಪಿಸಿದಳು. ಅವನು ನೀರಿನ ವಿಷಯ ಬಿಟ್ಟು ಹೋದ. ಸೊಸೆ ಶೈಲಾಳ ತವರಿನವರು ಹೆಣ್ಣು ತೋರಿಸುವ ದಿನ ಸುಭಾಷನ ಕಿವಿಯ ಬಗ್ಗೆ ಆಡಿದ ಮಾತು, ಆಡಿದವರು ಉಟ್ಟ ಸೀರೆಯ ಅಂಚಿನ ಸಮೇತ ಹೊರಬಂತು. ಮನೆಯಲ್ಲಿ ಕೆಲವು ದಿನ ಪಾತ್ರೆಗಳು ಮಾತ್ರ ಸದ್ದು ಮಾಡಿದವು.

ಇದು ಬೇರಿನ ಗುಣವೋ, ದಿನವಿಡೀ ಗಂಡನಿಗೆ ಹಳೆಯದನ್ನೆಲ್ಲ ಹೇಳಿ ಹೇಳಿ ಅವಳಿಗೇ ಬಾಯಿಪಾಠವಾಗಿತ್ತೋ? ಸೋನಾಲಿ ಎರಡನೆಯದೇ ನಿಜ ಎಂದಳು. "ಆಯಿ, ಮೆಡಿಸಿನ್ ಅಲ್ಲ ಇದು. ನೀ ಡೇಲಿ ಮುತ್ಯಾಗ ಸ್ಟೋರಿ ಹೇಳ್ತಿ ನಾ, ರಿವಿಜನ್ ಆಗ್ತದ. ಬಸ್." ಬಿಲ್ಡಿಂಗಿನವರಿಗೆ ಕಾಲೇಜು ಹುಡುಗಿಯ ಮಾತು ಯಾಕೆ ಬೇಕು? ಅವರು ಇಂದ್ರಾಬಾಯಿಯನ್ನು ಕಂಡರೆ ಮೆಟ್ಟಿಲಿನ ದಾರಿ ಹಿಡಿಯತೊಡಗಿದರು.

ಆದರೆ ನೆನಪೆಂಬುದು ಬೇರೆಯವರ ಮನೆಯದನ್ನಷ್ಟೇ ತರುವುದಿಲ್ಲವಲ್ಲ. ಅವಳದೂ ಬಂತು. ಖಾನಾವಳಿಗೆ ರಜೆ ಇದ್ದ ದಿನ ಅಣವೀರಪ್ಪ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದ ರೀತಿ ನೆನಪಾಯಿತು. ಇಡೀ ಗ್ರಾಂಟ್ ರೋಡು ಹೊಗಳುವ ಅಡುಗೆ ಮಾಸ್ತರ ಅವಳ ತಟ್ಟೆಯ ಮುಂದೆ ಫೌಜದಾರನಂತೆ ಕೂರುತ್ತಿದ್ದ. ಉಪ್ಪು ಮುಂದಾಗಿದೆ. ಹಿಟ್ಟು ಹಸಿ ಇದೆ. ಒಗ್ಗರಣೆ ಹೊತ್ತಿದೆ. ಯಾವ ಹಬ್ಬಕ್ಕೆ ಏನೆಂದ, ಯಾವ ಬೀಗರ ಎದುರಿಗೆ ಝುಣಕದ ತಟ್ಟೆ ದೂಡಿದ, ಎಲ್ಲ ಒಂದೊಂದಾಗಿ ಎದ್ದು ಬಂದವು. ಚಂದ ಆಗಿದೆ ಎಂದ ಒಂದು ದಿನಕ್ಕಾಗಿ ಅವಳು ಹುಡುಕಿದಳು, ಆ ಹೊಸ ನೆನಪಿನಿಂದ ಎಷ್ಟು ಜಾಲಾಡಿದರೂ ಸಿಗಲಿಲ್ಲ. ಇದರಿಂದ ಅವಳಿಗೆ ಬಹಳ ನೋವಾಯಿತು.

ತಡೆಯಲಾರದೆ ಒಂದು ದಿನ ಅವನೆದುರಿಗೇ ಆಡಿಬಿಟ್ಟಳು. "ನಮ್ಮ ಮನಿಯಾವರು ಒಂದ ದಿನಾನೂ ನನ್ನ ಅಡಗಿ ಛಲೋ ಅನ್ನಲಿಲ್ರಿ" ಎಂದಳು. ಅಣವೀರಪ್ಪನಿಗೆ ಸಿಟ್ಟು ಬಂತು. "ಅಯ್ಯ, ಎಂಥಾ ಗಂಡಸ್ರೀ ಅವರು! ಬಾಯಾಗ ಎರಡು ಛಲೋ ಮಾತಿಗೂ ಜಾಗಾ ಇಲ್ಲೇನು? ಒಂದ ಸಲ ನನ್ನ ಮುಂದ ಕರಕೊಂಡ ಬರ್ರಿ, ಬಾಯಾರ. ಎರಡು ಬುದ್ಧಿ ಹೇಳಿ ಕಳಸತೀನಿ" ಎಂದು ತೋಳೇರಿಸಿದ. ತನ್ನ ಗಂಡನ ಮೇಲಿನ ದೂರನ್ನು ತನ್ನ ಗಂಡನೇ ಕೇಳಿ, ತನ್ನ ಗಂಡನನ್ನೇ ಬೈದದ್ದನ್ನು ಎಲ್ಲಿ ಹೇಳಿಕೊಳ್ಳುವುದು? ಅವಳು ಎದ್ದು ಕಷಾಯಕ್ಕೆ ನೀರಿಟ್ಟಳು.

ಇಂದ್ರಾಬಾಯಿಯ ಹೊಸ ನೆನಪಿನ ಸುದ್ದಿ ಕುರ್ಲಾ ಮುಟ್ಟಲು ತಡವಾಗಲಿಲ್ಲ. ಶಂಕ್ರೆಪ್ಪ ಜಾಣ. ಕುಡಿದವರಲ್ಲಿ ಯಾರಿಗೆ ಗುಣವಾಗಿದೆಯೋ ಅವರೇ ರೋಗಿ ಎಂದು ತೀರ್ಮಾನಿಸಿದ. ಭಾಂಡುಪಿನ ಒಬ್ಬ ಅಜ್ಜಿಗೆ ಪೂರ್ತಿ ಮರೆವಾಗಿತ್ತು, ತನ್ನ ಪುಡಿಯಿಂದ ಈಗ ಅರ್ಧ ಶತಮಾನದ ಹಿಂದಿನದೂ ನೆನಪಿದೆ ಎಂದು ಬಂದವರಿಗೆಲ್ಲ ಹೇಳಿ ವಿಳಾಸ ಕೊಟ್ಟ. ಮುಲುಂಡಿನಿಂದ, ಕಳವಾದಿಂದ, ಎಲ್ಲೆಲ್ಲಿಂದಲೋ ಜನ ತಮ್ಮ ಮನೆಯ ಮುದುಕರನ್ನು ಕರೆದುಕೊಂಡು ಬರತೊಡಗಿದರು. ಇಂದ್ರಾಬಾಯಿ ಬಾಗಿಲಲ್ಲೇ ನಿಂತು, "ನನಗ ಆ ರೋಗ ಇರಲೇ ಇಲ್ರೆಪಾ" ಎಂದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ರೋಗ ಬಂದಿತ್ತು ಅನ್ನೂದನ್ನೂ ಮರೆಸಿಬಿಟ್ಟೈತಿ ನೋಡ್ರಿ. ಬೇರುಸಹಿತ ಕಿತ್ತೈತಿ" ಎಂದು ಅವರಲ್ಲೊಬ್ಬ ಕೈಮುಗಿದ. ಅವಳು ಹೆಚ್ಚು ಹೇಳಿದಷ್ಟೂ ಔಷಧಿಯ ಕೀರ್ತಿ ಹೆಚ್ಚಾಯಿತು.

ನಿಜವಾದ ರೋಗಿ ಮಂಚದ ಮೇಲೆ ಕುಳಿತು ಈ ಜನಸಂದಣಿಯಿಂದ ಖುಷಿಯಾಗಿದ್ದ. ಖಾನಾವಳಿಗೆ ಮತ್ತೆ ವ್ಯಾಪಾರ ಕುದುರಿದೆ ಎಂದು ಅವನ ಲೆಕ್ಕ. "ಬರ್ರಿ, ಕೂಡ್ರಿ, ಬಿಸಿ ರೊಟ್ಟಿ ಬರಾಕತ್ತಾವು" ಎಂದು ಎಲ್ಲರನ್ನೂ ಸಾಲಾಗಿ ನೆಲದ ಮೇಲೆ ಕೂರಿಸುತ್ತಿದ್ದ. ಬಂದ ಮುದುಕರೂ ಕೂರುತ್ತಿದ್ದರು. ಒಬ್ಬಿಬ್ಬರು ಊಟಕ್ಕೇ ಬಂದಿದ್ದೇವೆಂದುಕೊಂಡು, ಕರೆತಂದವರು ಎಬ್ಬಿಸಿದರೂ ಏಳಲಿಲ್ಲ. ಅವರಿಗೆ ರೊಟ್ಟಿ ಬಡಿಯುವ ಕೆಲಸವೂ ಇಂದ್ರಾಬಾಯಿಗೇ ಬಂತು. ಇಷ್ಟರಲ್ಲಿ ಅವಳಿಗೆ ಹೊಟ್ಟೆ ಕೆಟ್ಟು, ಸೋನಾಲಿ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಪುಡಿ ನೋಡಿ, ಇದರಲ್ಲಿ ಏನೇನಿದೆಯೋ ಗೊತ್ತಿಲ್ಲ, ಇಬ್ಬರಿಗೂ ತಕ್ಷಣ ನಿಲ್ಲಿಸಿ, ಬಿ.ಪಿ. ಮಾತ್ರೆಯ ಜೊತೆ ಇಂಥದ್ದು ಅಪಾಯ ಎಂದಳು. ಸುಭಾಷ ಅಂದೇ ಡಬ್ಬಿ ಎಸೆಯಲು ಹೊರಟ. "ಒಂದ ಸಲ ನನ್ನ ಗುರ್ತಾ ಹಿಡೀಲಿ. ಆಮ್ಯಾಲೆ ನೀ ಹೇಳಿದ್ಹಂಗ ಕೇಳತೀನಿ" ಎಂದು ಅವಳು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ತಾಯಿಯ ಮಡಿಲಿನಿಂದ ಕಿತ್ತುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ.

ಮರುದಿನ ಶಂಕ್ರೆಪ್ಪ ಸ್ವತಃ ಬಂದ. ಹೆಗಲಿಗೆ ಶಾಲು, ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಮೊಬೈಲು. ಹಿಂದೆ ನಾಲ್ಕಾರು ಮಂದಿ ಗಿರಾಕಿಗಳು. ಗಂಗುಬಾಯಿ, ಪೂವಪ್ಪ ಬಾಗಿಲಲ್ಲಿ. ವಿಡಿಯೋ ಶುರುವಾಯಿತು. ಈ ತಾಯಿಗೆ ಗುಣವಾದದ್ದನ್ನು ಈಕೆಯ ಯಜಮಾನರ ಬಾಯಿಂದಲೇ ಕೇಳೋಣ ಎಂದು ಹೇಳಿ, ಶಂಕ್ರೆಪ್ಪ ಮೊಬೈಲನ್ನು ಅಣವೀರಪ್ಪನ ಮುಖಕ್ಕೆ ಹಿಡಿದ.

"ಯಜಮಾನ್ರ, ಇವರು ಯಾರು? ಎಲ್ಲಾರ ಮುಂದ ಹೇಳ್ರಿ."

ಇಂದ್ರಾಬಾಯಿ ಸೆರಗು ಸರಿ ಮಾಡಿಕೊಂಡು, ಅವನ ಕಣ್ಣಿಗೆ ಸರಿಯಾಗಿ ಕಾಣುವಂತೆ ಮುಖ ಮುಂದೆ ಮಾಡಿದಳು. ಅವನು ಬಹಳ ಹೊತ್ತು ನೋಡಿದ. ಅವನ ತುಟಿ ಅಲುಗಿತು.

"ಹೊಸದಾಗಿ ಬಂದಾರ. ಕೈ ಛಲೋ ಐತಿ. ಮಾಲೀಕರಿಗೆ ಹೇಳಿ ಕಾಯಂ ಮಾಡಸಬೇಕು" ಎಂದ.

ಶಂಕ್ರೆಪ್ಪ ಗಾಬರಿಯಾಗಲಿಲ್ಲ. ಮೊಬೈಲನ್ನು ತನ್ನ ಕಡೆ ತಿರುಗಿಸಿಕೊಂಡು, ಹೆಂಡತಿ ಎಷ್ಟು ಬದಲಾಗಿದ್ದಾಳೆಂದರೆ ಗಂಡನಿಗೇ ಗುರುತು ಸಿಗುತ್ತಿಲ್ಲ ಎಂದು ಮುಗಿಸಿದ. ಜನ ಚಪ್ಪಾಳೆ ತಟ್ಟಿದರು. ಇಂದ್ರಾಬಾಯಿ ಒಳಗೆ ಹೋಗಿ ಡಬ್ಬಿ ತಂದಳು. ಪುಡಿ, ಎಣ್ಣೆ, ಬಜೆ ಎಲ್ಲವನ್ನೂ ಶಂಕ್ರೆಪ್ಪನ ಶಾಲಿನಲ್ಲೇ ಗಂಟು ಕಟ್ಟಿ, "ಮೊದಲ ನೀವು ಕುಡೀರಿ, ವೈದ್ಯರ. ಆಮ್ಯಾಲೆ ಮಂದಿಗಿ ಕುಡಸ್ರಿ" ಎಂದು ಕೈಗಿಟ್ಟು, ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಹಾಕಿದಳು. ಒಂದೆಲಗದ ಬಕೆಟು ಮಾತ್ರ ಉಳಿಯಿತು, ಚಟ್ನಿ ಚೆನ್ನಾಗಿರುತ್ತಿತ್ತು.

ಅವಳ ಆಸೆ ಅವತ್ತಿಗೆ ಕಮರಿತು. ಇನ್ನು ಅವನು ಗುರುತು ಹಿಡಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಮಗ, ಸೊಸೆ, ಮೊಮ್ಮಗಳು ಯಾರೂ ಇನ್ನೂ ಮನೆಗೆ ಬಂದಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅಣವೀರಪ್ಪ ಎದ್ದು ಅಂಗಿಯ ಗುಂಡಿ ಹಾಕಿಕೊಂಡ. "ಡ್ಯೂಟಿ ಮುಗೀತ್ರಿ, ಬಾಯಾರ. ಮನಿಗಿ ಹೋಗತೀನಿ." ಬೇಡವೆಂದರೆ ಹಟ ಮಾಡುತ್ತಿದ್ದ. ಅವಳು ಚಪ್ಪಲಿ ಹಾಕಿಸಿ, ಕೈ ಹಿಡಿದು, ಲಿಫ್ಟಿನಲ್ಲಿ ಕೆಳಗಿಳಿಸಿದಳು. ಬಿಲ್ಡಿಂಗಿನ ಸುತ್ತ ಒಂದು ಸುತ್ತು ಹಾಕಿಸಿ ಮರಳಿ ಕರೆತಂದರೆ ಮನೆ ಬಂತೆಂದು ಸುಮ್ಮನಾಗುತ್ತಿದ್ದ.

ವಡಾಪಾವಿನ ಗಾಡಿ ದಾಟುವಾಗ ಅವನು ಮಾತು ತೆಗೆದ. "ಮನ್ಯಾಗ ನಮ್ಮಾಕಿ ಕಾಯ್ತಿರತಾಳ್ರಿ. ನಾ ಹೋಗೂತನಕಾ ಒಂದ ತುತ್ತ ತಿನ್ನಂಗಿಲ್ಲ."

"ಹೌದ್ರಿ? ಹೆಂಗದಾರ ಅವರು?" ಎಂದು ಅವಳು ಕೇಳಿದಳು.

"ಭಾಳ ಸಿಟ್ಟಿನಾಕಿ. ಆದ್ರ ಝುಣಕಾ ಮಾಡಿದ್ಲು ಅಂದ್ರ..." ಅವನು ನಿಂತು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿದ. "ನಿಮಗಷ್ಟಽ ಹೇಳತೀನಿ. ಖಾನಾವಳ್ಯಾಗ ನಾ ಮಾಡೂದು ನಂದಲ್ರಿ, ಆಕೀದು. ಹಿಟ್ಟು ಎಷ್ಟು ಹುರೀತಾಳ, ನೀರು ಯಾವಾಗ ಬಿಡತಾಳ, ಊಟಕ್ಕ ಕುಂತಾಗ ಬಾಯಾಗಿಟ್ಟುಕೊಂಡ ನೋಡಿ ನೋಡಿ ಕಲ್ತೀನಿ. ಉಪ್ಪು ಮುಂದಾತು, ಹಸಿ ಐತಿ ಅಂದಿಲ್ಲಂದ್ರ ಆಕೀಗಿ ಗೊತ್ತಾಗಿಬಿಡತೈತಿ. ಮಂದಿ ಮಾಸ್ತರ ಮಾಸ್ತರ ಅಂತಾರ, ನನ್ನ ಮಾನ ಹೋಗತೈತಿ. ಆಕೀಗಿ ಹೇಳಬ್ಯಾಡ್ರಿ ಮತ್ತ."

ಇಂದ್ರಾಬಾಯಿ ಗಾಡಿಯ ಪಕ್ಕದ ಗೋಡೆ ಹಿಡಿದು ನಿಂತಳು. ನಗಬೇಕೋ, ಈ ಕಳ್ಳನ ಬೆನ್ನಿಗೆ ಒಂದು ಗುದ್ದಬೇಕೋ ತಿಳಿಯದೆ ಎರಡು ಕಣ್ಣಲ್ಲೂ ನೀರು ಬಂತು. "ಹೇಳಂಗಿಲ್ರಿ" ಎಂದಳು.

ಲಿಫ್ಟು ಹತ್ತಿ ಮೇಲೆ ಬಂದರು. ಅವಳು ಕೀಲಿ ತೆಗೆದಳು. ಅವನು ಹೊಸ್ತಿಲ ಮೇಲೆ ನಿಂತು, ಅಡ್ಡ ಕೈ ಇಟ್ಟು, ಸಂಕೋಚದಿಂದ, "ಇಲ್ಲೇ ಸಾಕ್ರಿ, ಬಾಯಾರ. ಒಳಗ ಬರಬ್ಯಾಡ್ರಿ. ನಮ್ಮಾಕಿ ತಪ್ಪು ತಿಳಕೋತಾಳ" ಎಂದು ಕೈಮುಗಿದು ಬಾಗಿಲು ಮುಚ್ಚಿದ.

ತನ್ನ ಮನೆಯ ಮುಂದೆ, ಚಪ್ಪಲಿಗಳ ಪಕ್ಕದಲ್ಲಿ, ಇಂದ್ರಾಬಾಯಿ ನಿಂತಳು. ಒಳಗೆ ಅವನು ಓಡಾಡುವ ಸದ್ದು ಕೇಳಿಸಿತು. ಆಮೇಲೆ ದನಿ ಬಂತು. ಎಷ್ಟೋ ದಿನದಿಂದ ಕೇಳದ, ಒರಟಾದ, ಹಳೆಯ ದನಿ.

"ಲೇ! ಎಲ್ಲಿದ್ದಿ? ನಾ ಬಂದೀನಿ ನೋಡ. ಹಸಿವಾಗೈತಿ."

"ಓ" ಎಂದಳು ಇಂದ್ರಾಬಾಯಿ, ಬಾಗಿಲಿಗೆ ಬಾಯಿ ಹಚ್ಚಿ. "ಬಂದೆ, ಬಂದೆ."

ಬಾಗಿಲು ತೆರೆಯಿತು. ಅಣವೀರಪ್ಪ ಅವಳನ್ನು ನೋಡಿ, ಅವಳ ಹಿಂದೆ ವರಾಂಡದ ಎರಡೂ ಕಡೆ ಕಣ್ಣು ಹಾಯಿಸಿ, ಮುಖ ಸಣ್ಣದು ಮಾಡಿಕೊಂಡ.

"ನೀವು ಇನ್ನೂ ಹೋಗಿಲ್ಲೇನ್ರಿ? ಆಕಿ ಎಲ್ಲಿಗೋ ಹೋಗ್ಯಾಳ. ಓ ಅಂದಂಗಾತು, ಕಾಣವಲ್ಲಳು." ಅವನು ಪಕ್ಕಕ್ಕೆ ಸರಿದ. "ಒಬ್ಬನಽ ಕುಂದರಾಕ ಬ್ಯಾಸರಾಕ್ಕೈತ್ರಿ. ಆಕಿ ಬರೂತನಕಾ ಒಳಗ ಬಂದು ಕೂಡ್ರಿ."

ಇಂದ್ರಾಬಾಯಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವನ ಪಕ್ಕದಲ್ಲಿ ಮಂಚದ ಮೇಲೆ ಕುಳಿತಳು. ಇಬ್ಬರೂ ಬಾಗಿಲ ಕಡೆ ನೋಡುತ್ತ ಕಾದರು.